ಮೆಮೊರಿಗೆ ಮ್ಯಾಪ್ ಆದ ಫೈಲುಗಳನ್ನು ಲಿನಕ್ಸ್ ಹೇಗೆ ತೋರಿಸುತ್ತದೆ: ದಾಖಲೆ ಬರೆಯುವವರಿಗೆ ಒಂದು ಮಾರ್ಗದರ್ಶಿ

ಡಿಸ್ಕ್ ತುಂಬಿದೆ ಎಂದು, ಡಿಸ್ಕಿನ ಬಳಕೆ ತೋರಿಸುವ ಡಿಎಫ್ ಕಮಾಂಡ್ ಹೇಳುತ್ತಿತ್ತು. ಫೈಲುಗಳ ಗಾತ್ರ ಕೂಡಿಸುವ ಡಿಯು ಹಾಕಿ ಎಲ್ಲ ಡೈರೆಕ್ಟರಿಗಳ ಲೆಕ್ಕ ಕೂಡಿಸಿದರೆ ಅದರ ಅರ್ಧವೂ ಬರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ಮೂಡುವ ಅನುಮಾನ ಒಂದೇ: ಅಳಿಸಿಹೋದ ಫೈಲನ್ನು ಯಾವುದೋ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಇನ್ನೂ ಹಿಡಿದುಕೊಂಡಿದೆ. ನಮ್ಮ ತಂಡದ ಕೈಪಿಡಿಯಲ್ಲೂ ಹಾಗೇ ಬರೆದಿತ್ತು: "ಪ್ರತಿ ಪ್ರೋಸೆಸ್‌ನ ಎಫ್‌ಡಿ ಡೈರೆಕ್ಟರಿ ನೋಡಿ, ಅಳಿಸಿದ ಫೈಲ್ ಅಲ್ಲಿ ಕಾಣುತ್ತದೆ." ಎಫ್‌ಡಿ ಎಂದರೆ ಪ್ರೋಸೆಸ್ ತೆರೆದಿಟ್ಟ ಫೈಲುಗಳ ಪಟ್ಟಿ. ಒಂದೊಂದಾಗಿ ಎಲ್ಲವನ್ನೂ ನೋಡಿದೆವು, ಕಾಣಲಿಲ್ಲ. ಎರಡು ಗಂಟೆ ಕಳೆದ ಮೇಲೆ ಯಾರೋ ಪ್ರೋಸೆಸ್‌ನ ಮೆಮೊರಿಯಲ್ಲಿ ಏನೇನಿದೆ ಎಂದು ತೋರಿಸುವ ಮ್ಯಾಪ್ಸ್ ಫೈಲನ್ನು ತೆರೆದರು. ಅದರಲ್ಲಿ ಒಂದು ಇಂಡೆಕ್ಸ್ ಫೈಲಿನ ಹೆಸರಿತ್ತು, ಹೆಸರಿನ ಕೊನೆಗೆ ಆವರಣದೊಳಗೆ 'ಡಿಲೀಟೆಡ್' ಎಂದಿತ್ತು. ಪ್ರೋಗ್ರಾಂ ಆ ಫೈಲನ್ನು ತೆರೆದು, ಮೆಮೊರಿಗೆ ಮ್ಯಾಪ್ ಮಾಡಿಕೊಂಡು (ಅಂದರೆ ಫೈಲನ್ನು ಮೆಮೊರಿಯ ವಿಳಾಸಗಳಿಗೆ ಜೋಡಿಸಿಕೊಂಡು), ಡಿಸ್ಕ್ರಿಪ್ಟರನ್ನು (ತೆರೆದ ಫೈಲಿಗೆ ಸಿಗುವ ಗುರುತಿನ ಸಂಖ್ಯೆ) ಮುಚ್ಚಿಬಿಟ್ಟಿತ್ತು. ತೆರೆದ ಫೈಲುಗಳ ಪಟ್ಟಿಯಲ್ಲಿ ಅದು ಇರಲು ಸಾಧ್ಯವೇ ಇರಲಿಲ್ಲ.

ಕೈಪಿಡಿಯ ಆ ಸಾಲು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿತ್ತು. ಅದನ್ನು ಬರೆದವರು ಡಿಸ್ಕ್ರಿಪ್ಟರ್ ಮುಚ್ಚಿದ ಮೇಲೆ ಏನಾಗುತ್ತದೆ ಎಂದು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಅಂದಿನಿಂದ ನಾನು ಪಾಲಿಸುತ್ತಿರುವ ನಿಯಮ ಇದು: ಆಪರೇಟಿಂಗ್ ಸಿಸ್ಟಂ ಏನನ್ನು ತೋರಿಸುತ್ತದೆ ಎಂದು ಬರೆಯುವ ಪ್ರತಿ ಸಾಲಿನ ಹಿಂದೆಯೂ ಒಂದು ಸಣ್ಣ ಪ್ರಯೋಗ ಇರಬೇಕು. ಮೆಮೊರಿ ಮ್ಯಾಪಿಂಗ್ ವಿಷಯದಲ್ಲಂತೂ ಇದನ್ನು ಬಿಟ್ಟರೆ ತಪ್ಪು ಬರೆಯುವುದು ಖಚಿತ, ಏಕೆಂದರೆ ಕಣ್ಣಿಗೆ ಕಾಣುವ ಸಾಲಿಗೂ ಒಳಗೆ ನಡೆಯುವುದಕ್ಕೂ ನಡುವೆ ಹತ್ತಾರು ಕಡೆ ಅಂತರವಿದೆ.

ಕಮಾಂಡು, ಪಾತ್, ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಅವುಗಳ ಮೂಲ ಕಾಗುಣಿತ ಬಳಸಿ.

ಮೊದಲು: ಯಾವ ಫೈಲಿನ ಬಗ್ಗೆ ಬರೆಯುತ್ತಿದ್ದೀರಿ?

ಪ್ರೋಸೆಸ್‌ಗಳನ್ನು ಫೈಲುಗಳಂತೆ ತೋರಿಸುವ ಯೋಚನೆ ಹಳೆಯದು. ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಯುನಿಕ್ಸ್‌ನ ಎಂಟನೆಯ ಆವೃತ್ತಿಗಾಗಿ ಇದನ್ನು ಮಾಡಿ, 1984ರಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದರು. ಲಿನಕ್ಸ್ ಅದೇ ಹಾದಿ ಹಿಡಿಯಿತು, ಆದರೆ ಮನುಷ್ಯರು ಓದಬಹುದಾದ ಪಠ್ಯ ರೂಪವನ್ನು ಆರಿಸಿಕೊಂಡಿತು. ಇದರಿಂದ ಓದುವುದು ಸುಲಭವಾಯಿತು. ಅದರ ಜೊತೆಗೇ, ಕಣ್ಣಾಡಿಸಿದರೆ ಎಲ್ಲವೂ ತಿಳಿದಂತೆ ಅನಿಸುವ ಅಪಾಯವೂ ಬಂತು.

ಮ್ಯಾಪಿಂಗ್‌ಗಳ ವಿಷಯದಲ್ಲಿ ಪ್ರೋಸೆಸ್‌ಗಳ ಮಾಹಿತಿ ಸಿಗುವ ಪ್ರಾಕ್ ಡೈರೆಕ್ಟರಿಯ ಕೆಳಗೆ ಒಂದು ಫೈಲಲ್ಲ, ಒಂದು ಕುಟುಂಬವೇ ಇದೆ. ಮ್ಯಾಪ್ಸ್ ಎಂಬುದು ಪಟ್ಟಿ: ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಏನಿದೆ. ಎಸ್‌ಮ್ಯಾಪ್ಸ್ ಅದೇ ಪಟ್ಟಿಗೆ ಲೆಕ್ಕ ಸೇರಿಸುತ್ತದೆ: ಅದರಲ್ಲಿ ಎಷ್ಟು ನಿಜವಾಗಿ ರ್‍ಯಾಮ್‌ನಲ್ಲಿದೆ, ಎಷ್ಟು ಹಂಚಿಕೆಯಾಗಿದೆ. ಎಸ್‌ಮ್ಯಾಪ್ಸ್_ರೋಲಪ್ ಆ ಲೆಕ್ಕದ ಒಟ್ಟು ಮೊತ್ತ. ಪೇಜ್‌ಮ್ಯಾಪ್ ಒಂದೊಂದು ಪುಟಕ್ಕೂ (ಮೆಮೊರಿಯನ್ನು ಹಂಚುವ ಸ್ಥಿರ ಗಾತ್ರದ ತುಂಡು) 64 ಬಿಟ್‌ಗಳ ಬೈನರಿ ದಾಖಲೆ. ಮ್ಯಾಪ್_ಫೈಲ್ಸ್ ಒಂದು ಡೈರೆಕ್ಟರಿ. ಫೈಲಿನಿಂದ ಬಂದ ಪ್ರತಿ ಮ್ಯಾಪಿಂಗ್‌ಗೂ ಅಲ್ಲಿ ಒಂದು ಸಿಂಬಾಲಿಕ್ ಲಿಂಕ್ ಇರುತ್ತದೆ. ಬರೆಯುವ ಮುನ್ನ ಇವುಗಳಲ್ಲಿ ಯಾವುದು ನಿಮ್ಮ ವಿಷಯ ಎಂದು ತೀರ್ಮಾನಿಸಿ. ಐದನ್ನೂ ಒಂದೇ ಪುಟಕ್ಕೆ ತುರುಕಿದರೆ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಲಿನಕ್ಸ್‌ನ ಅಧಿಕೃತ ಕೈಪಿಡಿಯಾದ ಮ್ಯಾನ್ ಪುಟಗಳಲ್ಲೂ ಬಹಳ ಕಾಲ ಪ್ರಾಕ್ ಇಡೀ ಒಂದೇ ದೈತ್ಯ ಪುಟವಾಗಿತ್ತು. ಈಗ ಪ್ರತಿ ಫೈಲಿಗೂ ಪ್ರತ್ಯೇಕ ಪುಟ ಮಾಡಿದ್ದಾರೆ. ಅದು ಸರಿಯಾದ ನಿರ್ಧಾರ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು: ಕೈಯಳತೆಯ ಪ್ರಯೋಗ

ದಾಖಲೆಗೆ ಬೇಕಾದ ಉದಾಹರಣೆಯನ್ನು ಚಾಲನೆಯಲ್ಲಿರುವ ದೊಡ್ಡ ಪ್ರೋಗ್ರಾಂನಿಂದ ಎತ್ತಿಕೊಳ್ಳಬೇಡಿ. ಅದರಲ್ಲಿ ನೂರಾರು ಸಾಲುಗಳಿರುತ್ತವೆ, ಯಾವುದು ಏಕೆ ಬಂತು ಎಂದು ನಿಮಗೇ ಹೇಳಲಾಗದು. ಸಿ ಭಾಷೆಯಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆಯಿರಿ. ಅದು ಸರಿಯಾಗಿ 10000 ಬೈಟ್‌ಗಳ ಒಂದು ಫೈಲನ್ನು ಓಪನ್ ಮಾಡಲಿ, ಓದುವ ಅನುಮತಿ ಮತ್ತು ಮ್ಯಾಪ್_ಶೇರ್ಡ್ ಕೊಟ್ಟು, ಮ್ಯಾಪ್ ಮಾಡುವ ಎಂಮ್ಯಾಪ್ ಅನ್ನು ಕರೆಯಲಿ, ಕೂಡಲೇ ಡಿಸ್ಕ್ರಿಪ್ಟರನ್ನು ಕ್ಲೋಸ್ ಮಾಡಲಿ, ತನ್ನ ಪ್ರೋಸೆಸ್ ಸಂಖ್ಯೆಯನ್ನು ತೋರಿಸಿ ಎಂಟರ್ ಒತ್ತುವವರೆಗೆ ಕಾಯಲಿ. ಆಮೇಲೆ ಮ್ಯಾಪಿಂಗ್‌ನ ಮೊದಲ ಬೈಟನ್ನು ಓದಿ ಮತ್ತೆ ಕಾಯಲಿ. ಇಷ್ಟು ಸಾಕು.

ಪೈತಾನ್‌ನಲ್ಲಿ ಮೂರೇ ಸಾಲಿಗೆ ಮುಗಿಯುತ್ತದಲ್ಲ ಎಂದು ಅನಿಸಬಹುದು. ನಾನೂ ಮೊದಲು ಹಾಗೇ ಮಾಡಿದೆ. ಫೈಲನ್ನು ಮುಚ್ಚಿದ ಮೇಲೂ ಎಫ್‌ಡಿ ಡೈರೆಕ್ಟರಿಯಲ್ಲಿ ಅದು ಕಾಣುತ್ತಲೇ ಇತ್ತು. ಮ್ಯಾಪಿಂಗ್ ಇದ್ದರೆ ಡಿಸ್ಕ್ರಿಪ್ಟರ್ ಕೂಡ ಉಳಿಯುತ್ತದೆ ಎಂದು ಬರೆಯುವವನಿದ್ದೆ. ನಿಜ ಸಂಗತಿಯೆಂದರೆ ಪೈತಾನ್‌ನ ಎಂಮ್ಯಾಪ್ ಮಾಡ್ಯೂಲ್ ತಾನಾಗಿಯೇ ಡಿಸ್ಕ್ರಿಪ್ಟರ್‌ನ ಒಂದು ನಕಲು ಮಾಡಿ ಇಟ್ಟುಕೊಳ್ಳುತ್ತದೆ. ಕಂಡದ್ದು ಭಾಷೆಯ ಗುಣ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನದಲ್ಲ. ಕರ್ನಲ್ ಬಗ್ಗೆ ಬರೆಯುವಾಗ ಕರ್ನಲ್‌ಗೂ ನಿಮಗೂ ನಡುವೆ ಪದರಗಳು ಕಡಿಮೆ ಇರಲಿ.

ಫೈಲನ್ನು ಈಗತಾನೇ ಬರೆದು ತಯಾರಿಸಿದ್ದರೆ, ಪ್ರಯೋಗಕ್ಕೆ ಮುನ್ನ ಸಿಂಕ್ ಕಮಾಂಡ್ ಕೊಡಿ. ಡಿಸ್ಕಿಗೆ ಇನ್ನೂ ಇಳಿಯದ ಪುಟಗಳನ್ನು ಎಸ್‌ಮ್ಯಾಪ್ಸ್ 'ಡರ್ಟಿ' ಎಂದು ಎಣಿಸುತ್ತದೆ. ಪ್ರೋಗ್ರಾಂ ಏನನ್ನೂ ಬರೆಯದಿದ್ದರೂ ಬರೆದಿದೆ ಎಂದು ನೀವು ತಪ್ಪು ತಿಳಿಯುತ್ತೀರಿ.

ಮೂರನೆಯದು: ಒಂದು ಸಾಲನ್ನು ಬಿಡಿಸಿ ನೋಡುವುದು

ಪ್ರೋಗ್ರಾಂ ಕಾಯುತ್ತಿರುವಾಗ ಇನ್ನೊಂದು ಟರ್ಮಿನಲ್‌ನಿಂದ /ಪ್ರಾಕ್/4127/ಮ್ಯಾಪ್ಸ್ ಫೈಲನ್ನು ಕ್ಯಾಟ್ ಮಾಡಿ. 4127ರ ಜಾಗದಲ್ಲಿ ನಿಮ್ಮ ಪ್ರೋಸೆಸ್ ಸಂಖ್ಯೆ. ಹಲವು ಸಾಲುಗಳ ನಡುವೆ ಹೀಗೊಂದು ಇರುತ್ತದೆ:

700321400000-700321403000 ಆರ್--ಎಸ್ 00000000 08:02 1310754 /ಹೋಮ್/ಪ್ರಯೋಗ/ಮಾದರಿ

ಎಡಗಡೆ ಇರುವುದು ವಿಳಾಸಗಳ ವ್ಯಾಪ್ತಿ. ಹೆಕ್ಸಾಡೆಸಿಮಲ್, ಆದರೆ ಮುಂದೆ ಸೊನ್ನೆ-ಎಕ್ಸ್ ಗುರುತು ಇರುವುದಿಲ್ಲ. ಕೊನೆಯ ವಿಳಾಸ ಮ್ಯಾಪಿಂಗ್‌ನ ಒಳಗಿನದಲ್ಲ, ಅದು ಮುಗಿದ ನಂತರದ ಮೊದಲ ಬೈಟ್. ಇದನ್ನು ದಾಖಲೆಯಲ್ಲಿ ಬಿಡಿಸಿ ಹೇಳಲೇಬೇಕು. ಇಲ್ಲದಿದ್ದರೆ ಓದಿದವರು ಬರೆಯುವ ಕೋಡ್‌ನಲ್ಲಿ ಒಂದು ಬೈಟ್ ಹೆಚ್ಚುಕಮ್ಮಿ ಆಗುತ್ತದೆ. ಎರಡನ್ನೂ ಕಳೆದರೆ ಹೆಕ್ಸ್‌ನಲ್ಲಿ 3000, ಅಂದರೆ 12288 ಬೈಟ್. ನಾವು ಮ್ಯಾಪ್ ಮಾಡಿದ್ದು 10000. ಉಳಿದ 2288 ಎಲ್ಲಿಂದ ಬಂತು? ಕರ್ನಲ್ ಮ್ಯಾಪ್ ಮಾಡುವುದು ಪುಟಗಳ ಲೆಕ್ಕದಲ್ಲಿ. ಇಲ್ಲಿ ಪುಟಕ್ಕೆ 4096 ಬೈಟ್, ಹಾಗಾಗಿ ಮೂರು ಪುಟ ಬೇಕಾಯಿತು. ಕೊನೆಯ ಪುಟದಲ್ಲಿ ಫೈಲ್ ಮುಗಿದ ಮೇಲಿನ ಜಾಗವನ್ನು ಓದಿದರೆ ಸೊನ್ನೆಗಳು ಸಿಗುತ್ತವೆ.

ಇದರ ಇನ್ನೊಂದು ಮುಖವನ್ನೂ ಪ್ರಯೋಗ ಮಾಡಿ ನೋಡಿ. ಅದೇ 10000 ಬೈಟ್ ಫೈಲಿಗೆ ಒಂದು ಮೆಗಾಬೈಟ್ ಉದ್ದದ ಮ್ಯಾಪಿಂಗ್ ಕೇಳಿ. ಕರ್ನಲ್ ಬೇಡ ಎನ್ನುವುದಿಲ್ಲ, ಮ್ಯಾಪ್ಸ್‌ನಲ್ಲಿ ಪೂರ್ತಿ ಒಂದು ಮೆಗಾಬೈಟ್ ವ್ಯಾಪ್ತಿ ಕಾಣುತ್ತದೆ. ನಾಲ್ಕನೆಯ ಪುಟವನ್ನು ಮುಟ್ಟಿದ ಕ್ಷಣ ಸಿಗ್‌ಬಸ್ ಸಿಗ್ನಲ್ ಬಂದು ಪ್ರೋಗ್ರಾಂ ಬೀಳುತ್ತದೆ. ಮ್ಯಾಪ್ ಆದ ಫೈಲನ್ನು ಬೇರೆ ಯಾರಾದರೂ ಮೊಟಕುಗೊಳಿಸಿದರೂ ಹೀಗೇ ಆಗುತ್ತದೆ, ಮ್ಯಾಪ್ಸ್‌ನ ಸಾಲು ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ. ಆದ್ದರಿಂದ ದಾಖಲೆಯ ವಾಕ್ಯ ಹೀಗಿರಲಿ: "ವ್ಯಾಪ್ತಿಯ ಉದ್ದ ಮ್ಯಾಪಿಂಗ್‌ನ ಉದ್ದ, ಫೈಲಿನ ಉದ್ದವಲ್ಲ."

ನಂತರ ಅನುಮತಿಯ ನಾಲ್ಕು ಅಕ್ಷರ. ಮೊದಲ ಮೂರು ಓದು, ಬರೆ, ಚಲಾಯಿಸು. ನಾಲ್ಕನೆಯದು ಪಿ ಅಥವಾ ಎಸ್. ಪಿ ಎಂದರೆ ಪ್ರೈವೇಟ್: ಬರೆದರೆ ನಕಲು ಆಗುತ್ತದೆ, ಫೈಲಿಗೆ ಮುಟ್ಟುವುದಿಲ್ಲ. ಎಸ್ ಎಂದರೆ ಶೇರ್ಡ್. ಇಲ್ಲಿರುವ ಎಸ್ ಹೇಳುವುದು ಮ್ಯಾಪಿಂಗ್‌ನ ಬಗೆಯನ್ನಷ್ಟೇ. ಈ ಹೊತ್ತಿನಲ್ಲಿ ಯಾರೊಡನೆಯಾದರೂ ನಿಜವಾಗಿ ಹಂಚಿಕೊಂಡಿದೆಯೇ ಎಂಬುದನ್ನಲ್ಲ. ಎಸ್‌ಮ್ಯಾಪ್ಸ್‌ಗೆ ಬಂದಾಗ ಈ ವ್ಯತ್ಯಾಸ ಮತ್ತೆ ಎದುರಾಗುತ್ತದೆ.

ಮುಂದಿನದು ಆಫ್‌ಸೆಟ್, ಫೈಲಿನ ಎಷ್ಟನೇ ಬೈಟಿನಿಂದ ಈ ಮ್ಯಾಪಿಂಗ್ ಶುರು ಎಂಬುದು. ಇದೂ ಹೆಕ್ಸ್. ಎರಡನೇ ಪುಟದಿಂದ ಮ್ಯಾಪ್ ಮಾಡಿದರೆ 00001000 ಎಂದು ಬರುತ್ತದೆ. ಫೈಲ್ ಇರುವ ಡಿಸ್ಕನ್ನು ಗುರುತಿಸುವ ಡಿವೈಸ್ ಸಂಖ್ಯೆಯ ಎರಡೂ ಭಾಗಗಳು ಹೆಕ್ಸ್. ಆದರೆ ಪಕ್ಕದಲ್ಲೇ ಇರುವ ಐನೋಡ್ ಸಂಖ್ಯೆ (ಫೈಲ್‌ಸಿಸ್ಟಂ ಪ್ರತಿ ಫೈಲಿಗೂ ಕೊಡುವ ಸಂಖ್ಯೆ) ದಶಮಾಂಶ! ಒಂದೇ ಸಾಲಿನಲ್ಲಿ ಎರಡು ಸಂಖ್ಯಾಪದ್ಧತಿ, ಯಾವುದಕ್ಕೂ ಗುರುತಿಲ್ಲ. ಈ ಒಂದು ಸಂಗತಿಯನ್ನು ಬರೆಯದಿದ್ದರೆ ನಿಮ್ಮ ದಾಖಲೆ ಓದಿ ಪಾರ್ಸರ್ ಬರೆಯುವವರು ದಾರಿ ತಪ್ಪುವುದು ಖಂಡಿತ. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂನಲ್ಲಿ ಇನ್ನೂ ಒಂದು ತೊಡಕಿದೆ: ಇಲ್ಲಿ ಕಾಣುವ ಡಿವೈಸ್ ಸಂಖ್ಯೆಯೂ ಅದೇ ಫೈಲಿಗೆ ಸ್ಟ್ಯಾಟ್ ಕಮಾಂಡ್ ಕೊಡುವ ಸಂಖ್ಯೆಯೂ ಹೊಂದದೇ ಇರಬಹುದು. ಡಿವೈಸ್ ಮತ್ತು ಐನೋಡ್ ಜೋಡಿ ನೋಡಿ ಫೈಲನ್ನು ಗುರುತಿಸಿ ಎಂದು ಸಲಹೆ ಕೊಡುವ ಮುನ್ನ ಇದನ್ನು ನೆನಪಿಡಿ.

ಸಾಲು ಮತ್ತು ಎಂಮ್ಯಾಪ್ ಕರೆ ಒಂದಕ್ಕೊಂದು ಸಮ ಎಂದು ಎಂದೂ ಬರೆಯಬೇಡಿ. ಒಂದೇ ಫೈಲಿನ ಅಕ್ಕಪಕ್ಕದ ಎರಡು ಮ್ಯಾಪಿಂಗ್‌ಗಳ ಅನುಮತಿ ಒಂದೇ ಆಗಿದ್ದು, ಆಫ್‌ಸೆಟ್ ಕೂಡ ಸಾಲಾಗಿ ಬಂದರೆ ಕರ್ನಲ್ ಅವನ್ನು ಒಂದು ಸಾಲಾಗಿ ಬೆಸೆಯಬಹುದು. ಒಂದೇ ಮ್ಯಾಪಿಂಗ್‌ನ ನಡುವಿನ ಪುಟದ ಅನುಮತಿಯನ್ನು ಎಂಪ್ರೊಟೆಕ್ಟ್‌ನಿಂದ ಬದಲಿಸಿದರೆ ಅದು ಮೂರು ಸಾಲಾಗಿ ಒಡೆಯುತ್ತದೆ. ಒಂದೊಂದು ಶೇರ್ಡ್ ಲೈಬ್ರರಿ ನಾಲ್ಕೈದು ಸಾಲಾಗಿ ಕಾಣುವುದೂ ಅದರ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಅನುಮತಿ ಇರುವುದರಿಂದಲೇ.

ನಾಲ್ಕನೆಯದು: ಹೆಸರಿನ ಕಾಲಂ

ಬಲತುದಿಯ ಹೆಸರನ್ನೇ ಎಲ್ಲರೂ ಮೊದಲು ಓದುತ್ತಾರೆ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಅಲ್ಲೇ.

ಮೊದಲಿಗೆ ಫೈಲನ್ನು ಎಂವಿಯಿಂದ ಮರುನಾಮಕರಣ ಮಾಡಿ ಮ್ಯಾಪ್ಸ್ ಮತ್ತೆ ಓದಿ. ಹೊಸ ಹೆಸರು ಕಾಣುತ್ತದೆ. ಅಂದರೆ ಅದು ಓಪನ್ ಮಾಡಿದಾಗ ಕೊಟ್ಟ ಹೆಸರಲ್ಲ, ಓದುವ ಹೊತ್ತಿನ ಹೆಸರು. ಈಗ ಫೈಲನ್ನು ಅಳಿಸಿ. ಹೆಸರು ಉಳಿಯುತ್ತದೆ, ಕೊನೆಗೆ ಒಂದು ಖಾಲಿ ಜಾಗ ಬಿಟ್ಟು ಆವರಣದಲ್ಲಿ 'ಡಿಲೀಟೆಡ್' ಸೇರುತ್ತದೆ. ಮ್ಯಾಪಿಂಗ್ ಇರುವವರೆಗೂ ಡಿಸ್ಕಿನ ಜಾಗ ಬಿಡುಗಡೆಯಾಗದು. ಲೈಬ್ರರಿಯ ಅಪ್‌ಡೇಟ್ ಬಂದಾಗ ಪ್ಯಾಕೇಜ್ ವ್ಯವಸ್ಥೆ ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ಇಡುತ್ತದೆ. ಹಳೆಯದನ್ನೇ ಬಳಸುತ್ತಿರುವ ಪ್ರೋಸೆಸ್‌ಗಳಲ್ಲಿ ಈ ಗುರುತು ಮೂಡುತ್ತದೆ. ಭದ್ರತಾ ಅಪ್‌ಡೇಟ್ ಹಾಕಿದ ಮೇಲೆ ಯಾವ ಸೇವೆಗಳನ್ನು ರೀಸ್ಟಾರ್ಟ್ ಮಾಡಬೇಕು ಎಂದು ಪತ್ತೆ ಹಚ್ಚುವ ಉಪಕರಣಗಳು ನೋಡುವುದು ಇದನ್ನೇ.

ಆದರೆ ಈ ಗುರುತು ಹೆಸರಿನ ಭಾಗವಾಗಿಯೇ ಬರುತ್ತದೆ, ಪ್ರತ್ಯೇಕ ಕಾಲಂ ಇಲ್ಲ. ನಿಜವಾಗಿಯೂ ಹಾಗೆ ಮುಗಿಯುವ ಹೆಸರಿನ ಫೈಲನ್ನು ನೀವೇ ಸೃಷ್ಟಿಸಿ ಮ್ಯಾಪ್ ಮಾಡಿ ನೋಡಿ, ಎರಡಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಹೆಸರಿನಲ್ಲಿ ಹೊಸ ಸಾಲಿನ ಅಕ್ಷರ ಇದ್ದರೆ ಮಾತ್ರ ಕರ್ನಲ್ ಅದನ್ನು ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಮತ್ತು 012 ಎಂದು ಬದಲಿಸುತ್ತದೆ; ಉಳಿದ ಅಕ್ಷರಗಳು, ಖಾಲಿ ಜಾಗವೂ ಸೇರಿ, ಹಾಗೇ ಬರುತ್ತವೆ. ಖಾಲಿ ಜಾಗ ನೋಡಿ ಸಾಲನ್ನು ತುಂಡರಿಸುವ ಸ್ಕ್ರಿಪ್ಟ್‌ಗಳು ಮುರಿಯುವುದು ಇಲ್ಲೇ. ಮೊದಲ ಐದು ಕಾಲಂ ತೆಗೆದು ಉಳಿದದ್ದೆಲ್ಲವೂ ಹೆಸರು ಎಂದು ಓದಬೇಕು, ಇದನ್ನು ಸ್ಪಷ್ಟವಾಗಿ ಬರೆಯಿರಿ.

ಇನ್ನು ಯಾರೂ ಅಳಿಸದೇ ಅಳಿಸಿದಂತೆ ಕಾಣುವವು. ಫೈಲ್ ಇಲ್ಲದ ಶೇರ್ಡ್ ಮ್ಯಾಪಿಂಗ್ ಕೇಳಿದರೆ /ಡೆವ್/ಜೀರೋ ಎಂಬ ಹೆಸರು, ಜೊತೆಗೆ ಅಳಿಸಿದ ಗುರುತು ಬರುತ್ತದೆ. ಹಳೆಯ ಸಿಸ್ಟಂ ಫೈವ್ ಶೇರ್ಡ್ ಮೆಮೊರಿ ಸಿಸ್‌ವಿ ಎಂದು ಶುರುವಾಗುವ ಹೆಸರಿನಲ್ಲಿ, ಮೆಮ್‌ಎಫ್‌ಡಿಯಿಂದ ಮಾಡಿದ್ದು /ಮೆಮ್‌ಎಫ್‌ಡಿ: ಎಂದು ಶುರುವಾಗಿ, ಎರಡೂ ಅದೇ ಗುರುತಿನೊಂದಿಗೆ ಕಾಣುತ್ತವೆ. ಇವು ಡಿಸ್ಕಿನಲ್ಲಿ ಒಂದು ಬೈಟ್ ಜಾಗವನ್ನೂ ಹಿಡಿದಿಲ್ಲ. ಡಿಸ್ಕ್ ತುಂಬಿದ ಕಾರಣ ಹುಡುಕುವವರಿಗೆ ಬರೆಯುತ್ತಿದ್ದರೆ ಇವನ್ನು ಬಿಟ್ಟು ನೋಡಲು ಹೇಳಿ.

ಚೌಕ ಆವರಣದಲ್ಲಿ ಬರುವ ಹೀಪ್, ಸ್ಟ್ಯಾಕ್, ವಿಡಿಎಸ್‌ಒ ಮುಂತಾದವು ಫೈಲುಗಳಲ್ಲ ಎಂದು ಒಂದು ವಾಕ್ಯ ಸಾಕು. ಕಂಟೇನರ್‌ಗಳ ಬಗ್ಗೆ ಮಾತ್ರ ಇನ್ನೊಂದು ಎಚ್ಚರಿಕೆ ಸೇರಿಸಿ: ಕಂಟೇನರಿನೊಳಗಿನ ಪ್ರೋಸೆಸ್‌ನ ಸಾಲಿನಲ್ಲಿ ಕಂಡ ಪಾತ್ ಅನ್ನು ಹೊರಗಿನಿಂದ ಹಾಗೇ ತೆರೆದರೆ ಸಿಗುವುದು ಬೇರೆಯೇ ಫೈಲ್ ಆಗಿರಬಹುದು. ಆ ಪ್ರೋಸೆಸ್‌ನ ಪ್ರಾಕ್ ಡೈರೆಕ್ಟರಿಯಲ್ಲಿರುವ ರೂಟ್ ಲಿಂಕನ್ನು ಮುಂದೆ ಸೇರಿಸಿ ತೆರೆಯಬೇಕು.

ಐದನೆಯದು: ಎಸ್‌ಮ್ಯಾಪ್ಸ್‌ನ ಅಂಕಿಗಳು

ನಮ್ಮ ಪ್ರಯೋಗದ ಪ್ರೋಗ್ರಾಂ ಇನ್ನೂ ಒಂದು ಬೈಟನ್ನೂ ಓದಿಲ್ಲ. ಎಸ್‌ಮ್ಯಾಪ್ಸ್‌ನಲ್ಲಿ ಅದರ ಸಾಲು ಹುಡುಕಿದರೆ ಸೈಜ್ 12 ಕೆಬಿ, ಆರ್‌ಎಸ್‌ಎಸ್ 0. ಮ್ಯಾಪ್ ಆಗಿದೆ, ಆದರೆ ಪ್ರೋಸೆಸ್‌ನ ಪುಟಪಟ್ಟಿಗೆ ಇನ್ನೂ ಒಂದು ಪುಟವೂ ಬಂದಿಲ್ಲ. ಈಗ ಎಂಟರ್ ಒತ್ತಿ, ಅದು ಒಂದು ಬೈಟ್ ಓದಲಿ. ಒಂದು ಬೈಟ್ ಒಂದು ಪುಟದಲ್ಲಿರುತ್ತದೆ, ಹಾಗಾಗಿ 4 ಬರಬೇಕು ಎಂದು ನಾನು ಕಾಯ್ದಿದ್ದೆ. ಬಂದದ್ದು 12.

ಮೊದಲು ಪ್ರೋಗ್ರಾಂನಲ್ಲೇ ತಪ್ಪಿದೆ ಎಂದುಕೊಂಡೆ. ತಪ್ಪಿರಲಿಲ್ಲ. ಫೈಲಿನ ಪುಟಗಳು ಆಗಲೇ, ಫೈಲುಗಳ ಮಾಹಿತಿಯನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪೇಜ್ ಕ್ಯಾಶ್‌ನಲ್ಲಿ ಇದ್ದವು. ಓದುವಾಗ ಇನ್ನೂ ಜೋಡಿಸದ ಒಂದು ಪುಟವನ್ನು ಮುಟ್ಟಿ ಫಾಲ್ಟ್ ಬಂದರೆ, ಸುತ್ತಮುತ್ತ ಕ್ಯಾಶ್‌ನಲ್ಲಿ ಸಿದ್ಧವಿರುವ ಪುಟಗಳನ್ನೂ ಕರ್ನಲ್ ಅದೇ ಹೊತ್ತಿಗೆ ಜೋಡಿಸಿಬಿಡುತ್ತದೆ. ಫಾಲ್ಟ್-ಅರೌಂಡ್ ಎಂದು ಇದರ ಹೆಸರು, ಸಾಮಾನ್ಯ ವ್ಯಾಪ್ತಿ 64 ಕೆಬಿ. ಈ ಪ್ರಯೋಗ ಮಾಡದೆ ಬರೆದಿದ್ದರೆ "ಪ್ರೋಗ್ರಾಂ ಮುಟ್ಟಿದ ಪುಟಗಳ ಮೊತ್ತವೇ ಆರ್‌ಎಸ್‌ಎಸ್" ಎಂಬ ಸುಳ್ಳನ್ನು ನಾನೂ ಬರೆಯುತ್ತಿದ್ದೆ. ಸರಿಯಾದ ಮಾತು: ಈ ಪ್ರೋಸೆಸ್‌ಗೆ ಸದ್ಯ ಜೋಡಿಸಿರುವ ಪುಟಗಳ ಮೊತ್ತ.

ಈಗ ಮ್ಯಾಪಿಂಗ್‌ನ ಬಗೆಯ ಮಾತಿಗೆ ಬರೋಣ. ನಾವು ಕೊಟ್ಟದ್ದು ಮ್ಯಾಪ್_ಶೇರ್ಡ್. ಎಸ್‌ಮ್ಯಾಪ್ಸ್ ಈ 12 ಕೆಬಿಯನ್ನು ತೋರಿಸುವುದು ಪ್ರೈವೇಟ್_ಕ್ಲೀನ್ ಎಂಬ ಸಾಲಿನಲ್ಲಿ! ಎಸ್‌ಮ್ಯಾಪ್ಸ್‌ನ 'ಶೇರ್ಡ್' ಎಂದರೆ ಒಂದಕ್ಕಿಂತ ಹೆಚ್ಚು ಕಡೆ ಜೋಡಣೆಯಾದ ಪುಟ. ಸದ್ಯ ಒಬ್ಬರೇ ಬಳಸುತ್ತಿದ್ದರೆ ಅದು ಪ್ರೈವೇಟ್ ಲೆಕ್ಕಕ್ಕೆ ಹೋಗುತ್ತದೆ. ಅದೇ ಪ್ರೋಗ್ರಾಂನ ಎರಡನೇ ಪ್ರತಿಯನ್ನು ಓಡಿಸಿ, ಅದೂ ಬೈಟ್ ಓದಲಿ. ಈಗ ಮೊದಲನೆಯದರ ಎಸ್‌ಮ್ಯಾಪ್ಸ್ ಮತ್ತೆ ತೆರೆದರೆ 12 ಕೆಬಿ ಶೇರ್ಡ್_ಕ್ಲೀನ್‌ಗೆ ಜಾರಿರುತ್ತದೆ, ಪಿಎಸ್‌ಎಸ್ 12ರಿಂದ 6ಕ್ಕೆ ಇಳಿದಿರುತ್ತದೆ. ಮೊದಲ ಪ್ರೋಸೆಸ್ ಏನೂ ಮಾಡಿಲ್ಲ, ಪಕ್ಕದವನು ಬಂದದ್ದರಿಂದ ಅದರ ಅಂಕಿ ಬದಲಾಯಿತು. ಪಿಎಸ್‌ಎಸ್ ಎಂದರೆ ಪ್ರತಿ ಪುಟವನ್ನು ಅದನ್ನು ಬಳಸುವವರ ಸಂಖ್ಯೆಯಿಂದ ಭಾಗಿಸಿ ಬಂದ ಪಾಲು ಎಂದು ಬರೆಯುವುದಕ್ಕಿಂತ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಓದುಗರಿಗೆ ಬೇಗ ಹಿಡಿಯುತ್ತದೆ.

ಮ್ಯಾಪ್_ಪ್ರೈವೇಟ್ ಕೊಟ್ಟು, ಬರೆಯುವ ಅನುಮತಿಯೊಂದಿಗೆ ಒಂದು ಪುಟಕ್ಕೆ ಬರೆಯುವ ಪ್ರಯೋಗವನ್ನೂ ತಪ್ಪಿಸಬೇಡಿ. ಸಾಲಿನಲ್ಲಿ ಫೈಲಿನ ಹೆಸರು ಹಾಗೇ ಇರುತ್ತದೆ, ಆದರೆ ಅನಾನಿಮಸ್ ಎಂಬಲ್ಲಿ 4 ಕೆಬಿ ಬರುತ್ತದೆ. ಹೆಸರು ಫೈಲಿನದು, ಆ ಒಂದು ಪುಟದಲ್ಲಿರುವ ಮಾಹಿತಿ ಇನ್ನು ಫೈಲಿನದಲ್ಲ. ಫೈಲಿನ ಹೆಸರಿರುವ ಸಾಲೆಲ್ಲ ಫೈಲಿನ ಮೆಮೊರಿ ಎಂದು ಲೆಕ್ಕ ಹಾಕುವ ವರದಿಗಳು ತಪ್ಪುವುದು ಇದರಿಂದಲೇ.

ಕೊನೆಯಲ್ಲಿ ಬರುವ ವಿಎಂಫ್ಲಾಗ್ಸ್‌ನ ಎರಡೆರಡು ಅಕ್ಷರದ ಸಂಕೇತಗಳು ಮುಂದಿನ ಆವೃತ್ತಿಗಳಲ್ಲೂ ಇರುತ್ತವೆ ಎಂದು ಕರ್ನಲ್ ಭರವಸೆ ಕೊಡುವುದಿಲ್ಲ. ಅವನ್ನು ಪಟ್ಟಿ ಮಾಡಿದರೆ ಈ ಮಾತನ್ನೂ ಪಕ್ಕದಲ್ಲೇ ಹೇಳಿ.

ಆರನೆಯದು: ಮ್ಯಾಪ್_ಫೈಲ್ಸ್ ಡೈರೆಕ್ಟರಿ

ಹೆಸರು ನಂಬಲಾಗದು ಎಂದಾಯಿತು. ಹಾಗಾದರೆ ಮ್ಯಾಪ್ ಆದ ಆ ಫೈಲನ್ನೇ ಹಿಡಿಯುವುದು ಹೇಗೆ? ಅದಕ್ಕಾಗಿ ಇರುವುದು ಮ್ಯಾಪ್_ಫೈಲ್ಸ್. ಓಡುತ್ತಿರುವ ಪ್ರೋಸೆಸನ್ನು ನಿಲ್ಲಿಸಿ ಉಳಿಸಿಟ್ಟು ಮತ್ತೆ ಎಬ್ಬಿಸುವ ಕೆಲಸಕ್ಕೆಂದು ಇದು ಲಿನಕ್ಸ್ 3.3ರಲ್ಲಿ ಬಂತು. 4.3ಕ್ಕಿಂತ ಮೊದಲು ಕರ್ನಲನ್ನು ಚೆಕ್‌ಪಾಯಿಂಟ್-ರಿಸ್ಟೋರ್ ಆಯ್ಕೆಯೊಂದಿಗೆ ಕಟ್ಟಿದ್ದರೆ ಮಾತ್ರ ಕಾಣುತ್ತಿತ್ತು.

ಇಲ್ಲಿನ ಪ್ರತಿ ಲಿಂಕಿನ ಹೆಸರು ಒಂದು ವಿಳಾಸ ವ್ಯಾಪ್ತಿ. ನೋಡಲು ಮ್ಯಾಪ್ಸ್‌ನ ಮೊದಲ ಕಾಲಂನಂತೆಯೇ ಇರುತ್ತದೆ, ಆದರೆ ಅದನ್ನೇ ನಕಲಿಸಿ ಅಂಟಿಸಿದರೆ ಕೆಲವೊಮ್ಮೆ ಫೈಲ್ ಸಿಗದು. ಮ್ಯಾಪ್ಸ್ ವಿಳಾಸವನ್ನು ಕನಿಷ್ಠ ಎಂಟು ಅಂಕಿಗೆ ಸೊನ್ನೆ ತುಂಬಿ ಬರೆಯುತ್ತದೆ, ಮ್ಯಾಪ್_ಫೈಲ್ಸ್ ತುಂಬುವುದಿಲ್ಲ. ಮ್ಯಾಪ್ಸ್‌ನಲ್ಲಿ 00400000-00452000 ಎಂದಿದ್ದರೆ ಇಲ್ಲಿ 400000-452000. ದೊಡ್ಡ ವಿಳಾಸಗಳಲ್ಲಿ ಎರಡೂ ಒಂದೇ ಆಗುವುದರಿಂದ ಈ ವ್ಯತ್ಯಾಸ ಬಹಳ ದಿನ ಗಮನಕ್ಕೇ ಬರುವುದಿಲ್ಲ.

ಈ ಲಿಂಕಿನ ಶಕ್ತಿ ಏನೆಂದರೆ ಫೈಲ್ ಅಳಿಸಿಹೋಗಿದ್ದರೂ ಅದರ ಮೂಲಕ ತೆರೆದು ಪೂರ್ತಿ ನಕಲು ಮಾಡಿಕೊಳ್ಳಬಹುದು. ಆಕಸ್ಮಿಕವಾಗಿ ಅಳಿಸಿದ ಡೇಟಾ ಫೈಲ್ ಹೀಗೆ ಮರಳಿ ಸಿಕ್ಕರೆ ಆಗುವ ನೆಮ್ಮದಿ ಅನುಭವಿಸಿದವರಿಗೇ ಗೊತ್ತು. ಆ ಕಾರಣಕ್ಕೇ ಇದಕ್ಕೆ ಬಿಗಿ ಕಾವಲೂ ಇದೆ: ಲಿಂಕಿನ ಮೂಲಕ ಹಾದುಹೋಗಲು ಮೊದಲು ಕ್ಯಾಪ್_ಸಿಸ್_ಅಡ್ಮಿನ್ ಅಧಿಕಾರವೇ ಬೇಕಿತ್ತು, 5.9ರಿಂದ ಕ್ಯಾಪ್_ಚೆಕ್‌ಪಾಯಿಂಟ್_ರಿಸ್ಟೋರ್ ಇದ್ದರೂ ಸಾಕು. ಡೈರೆಕ್ಟರಿಯ ಪಟ್ಟಿ ನೋಡುವುದು ಬೇರೆ, ಲಿಂಕಿನಿಂದ ಫೈಲ್ ತೆರೆಯುವುದು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಮಾಡಿ ನೋಡಿ, ಪ್ರತ್ಯೇಕವಾಗಿ ಬರೆಯಿರಿ.

ಏಳನೆಯದು: ಯಾರು ಓದಬಹುದು, ಓದಿದ್ದು ಯಾವ ಕ್ಷಣದ್ದು

ಎಲ್‌ಎಸ್ ಹಾಕಿದರೆ ಮ್ಯಾಪ್ಸ್ ಫೈಲನ್ನು ಎಲ್ಲರೂ ಓದಬಹುದು ಎಂದು ತೋರಿಸುತ್ತದೆ. ಬೇರೆ ಬಳಕೆದಾರರ ಪ್ರೋಸೆಸ್‌ನದನ್ನು ತೆರೆಯಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ನಿಜವಾದ ತಪಾಸಣೆ ಫೈಲಿನ ಮೋಡ್ ನೋಡಿ ಆಗುವುದಿಲ್ಲ. ಒಂದು ಪ್ರೋಸೆಸ್ ಇನ್ನೊಂದನ್ನು ಡಿಬಗರ್‌ಗಳು ಬಳಸುವ ಪಿಟ್ರೇಸ್‌ನಲ್ಲಿ ಓದಬಹುದೇ ಎಂಬ ನಿಯಮದಂತೆ ಆಗುತ್ತದೆ. ವಿಳಾಸಗಳು ಬಯಲಾದರೆ ವಿಳಾಸಗಳನ್ನು ಕಲಸಿ ಕೊಡುವ ರಕ್ಷಣೆ ವ್ಯರ್ಥವಾಗುತ್ತದೆ ಎಂಬುದೇ ಇದಕ್ಕೆ ಕಾರಣ. ಪೇಜ್‌ಮ್ಯಾಪ್ ಕೂಡ, ಮೆಮೊರಿಯ ಬಿಟ್‌ಗಳನ್ನು ತಿರುಚುವ ರೋ-ಹ್ಯಾಮರ್ ದಾಳಿ ಬೆಳಕಿಗೆ ಬಂದ ಮೇಲೆ, 4.2ರಿಂದ, ಸಾಮಾನ್ಯ ಬಳಕೆದಾರರಿಗೆ ಭೌತಿಕ ಪುಟಸಂಖ್ಯೆಯ ಜಾಗದಲ್ಲಿ ಸೊನ್ನೆ ಕೊಡುತ್ತದೆ. ದೋಷ ಬರುವುದಿಲ್ಲ, ಸೊನ್ನೆ ಬರುತ್ತದೆ. ಈ ಸೂಕ್ಷ್ಮವನ್ನು ಬರೆಯಲೇಬೇಕು.

ಇನ್ನೊಂದು, ಖಾಲಿ ಮ್ಯಾಪ್ಸ್ ಎಂದರೆ ದೋಷವಲ್ಲ. ಕರ್ನಲ್ ಥ್ರೆಡ್‌ಗಳಿಗೆ ತಮ್ಮದೇ ಮೆಮೊರಿ ನಕ್ಷೆ ಇಲ್ಲ, ಅವುಗಳ ಫೈಲ್ ಖಾಲಿಯಾಗಿಯೇ ಇರುತ್ತದೆ.

ಕಾಲದ ಪ್ರಶ್ನೆ ಇನ್ನೂ ನಾಜೂಕು. ಮ್ಯಾಪ್ಸ್ ಎಂಬುದು ಒಂದೇ ಕ್ಷಣದ ಫೋಟೋ ಅಲ್ಲ. ಹೆಚ್ಚೆಂದರೆ ಒಂದು ರೀಡ್ ಕರೆಯೊಳಗೆ ಬಂದ ಭಾಗ ಪರಸ್ಪರ ಹೊಂದಿಕೊಂಡಿರಬಹುದು. ದೊಡ್ಡ ಪಟ್ಟಿಗೆ ಹಲವು ರೀಡ್ ಬೇಕು, ಅವುಗಳ ನಡುವೆ ಪ್ರೋಸೆಸ್ ಹೊಸದನ್ನು ಮ್ಯಾಪ್ ಮಾಡಬಹುದು, ಹಳೆಯದನ್ನು ಬಿಡಬಹುದು. ಕರ್ನಲ್ ಕೊಡುವ ಭರವಸೆ ಎರಡೇ: ವಿಳಾಸಗಳು ಹಿಂದಕ್ಕೆ ಹೋಗುವುದಿಲ್ಲ, ಹಾಗಾಗಿ ಎರಡು ಸಾಲುಗಳು ಒಂದರ ಮೇಲೊಂದು ಬೀಳುವುದಿಲ್ಲ; ಮತ್ತು ಓದು ಶುರುವಾದಾಗಿನಿಂದ ಮುಗಿಯುವವರೆಗೂ ಒಂದು ವಿಳಾಸದಲ್ಲಿ ಏನಾದರೂ ಇದ್ದರೆ ಅದಕ್ಕೆ ಏನಾದರೊಂದು ಸಾಲು ಬಂದೇ ಬರುತ್ತದೆ. ಇಷ್ಟನ್ನು ಇದ್ದಂತೆ ಬರೆಯಿರಿ, ಒಂದು ಪದವೂ ಹೆಚ್ಚಿಸಬೇಡಿ. ಪಟ್ಟಿಯಲ್ಲಿ ಕಂಡದ್ದನ್ನು ಆಮೇಲೆ ಮ್ಯಾಪ್_ಫೈಲ್ಸ್‌ನಲ್ಲಿ ತೆರೆಯಲು ಹೋಗುವಷ್ಟರಲ್ಲಿ ಅದು ಇಲ್ಲವಾಗಿರಬಹುದು ಎಂಬುದನ್ನೂ ಸೇರಿಸಿ.

ಎಂಟನೆಯದು: ಆವೃತ್ತಿಗಳು

ಪ್ರತಿ ಅಂಶದ ಪಕ್ಕ ಅದು ಬಂದ ಆವೃತ್ತಿ ಇರಲಿ. ಎಸ್‌ಮ್ಯಾಪ್ಸ್ 2.6.14ರಿಂದ, ಪೇಜ್‌ಮ್ಯಾಪ್ 2.6.25ರಿಂದ, ಎಸ್‌ಮ್ಯಾಪ್ಸ್_ರೋಲಪ್ 4.14ರಿಂದ. ಬಂದದ್ದನ್ನಷ್ಟೇ ಅಲ್ಲ, ಹೋದದ್ದನ್ನೂ ದಾಖಲಿಸಿ: ಪ್ರತಿ ಥ್ರೆಡ್‌ನ ಸ್ಟ್ಯಾಕನ್ನು ಗುರುತಿಸುವ ಸೌಲಭ್ಯ 3.4ರಲ್ಲಿ ಬಂದು 4.5ರಲ್ಲಿ ಹೋಯಿತು, ದೊಡ್ಡ ಸಂಖ್ಯೆಯ ಥ್ರೆಡ್‌ಗಳಿದ್ದಾಗ ಅದು ದುಬಾರಿಯಾಗುತ್ತಿತ್ತು. 6.11ರಿಂದ ಮ್ಯಾಪ್ಸ್ ಫೈಲಿನ ಮೇಲೆಯೇ ಒಂದು ಐಒಸಿಟಿಎಲ್ ಕರೆ ಮಾಡಿ, ಒಂದು ವಿಳಾಸದಲ್ಲಿ ಏನಿದೆ ಎಂದು ಬೈನರಿ ರೂಪದಲ್ಲಿ ನೇರವಾಗಿ ಕೇಳಬಹುದು. ಪಠ್ಯ ಬಿಡಿಸುವ ಗೋಜಿಲ್ಲ. ಡಿಸ್ಟ್ರಿಬ್ಯೂಶನ್‌ಗಳು ಹೊಸ ಸೌಲಭ್ಯಗಳನ್ನು ಹಳೆಯ ಕರ್ನಲ್‌ಗೆ ತಂದು ಸೇರಿಸುವುದುಂಟು. ಆದ್ದರಿಂದ ಓದುಗರಿಗೆ ಆವೃತ್ತಿ ಸಂಖ್ಯೆ ಹೋಲಿಸಲು ಹೇಳುವ ಬದಲು, ಕರೆ ಮಾಡಿ ನೋಡಿ ಇಲ್ಲದಿದ್ದರೆ ಹಿಂದಕ್ಕೆ ಬನ್ನಿ ಎಂದು ಹೇಳುವುದು ಮೇಲು.

ಬೇರೆ ಸಿಸ್ಟಂಗಳಿಗೂ ಬರೆಯಬೇಕಿದ್ದರೆ ಹೆಸರುಗಳು ಗೊತ್ತಿರಲಿ. ಫ್ರೀಬಿಎಸ್‌ಡಿಯಲ್ಲಿ ಪ್ರಾಕ್‌ಸ್ಟ್ಯಾಟ್ ಕಮಾಂಡಿನ ವಿ ಆಯ್ಕೆ, ಸೊಲಾರಿಸ್‌ನಲ್ಲಿ ಪಿಮ್ಯಾಪ್, ಮ್ಯಾಕ್‌ಓಎಸ್‌ನಲ್ಲಿ ಪ್ರಾಕ್ ಡೈರೆಕ್ಟರಿಯೇ ಇಲ್ಲದ ಕಾರಣ ವಿಎಂಮ್ಯಾಪ್. ವಿಂಡೋಸ್‌ನಲ್ಲಿ ವರ್ಚುಯಲ್‌ಕ್ವೆರಿಎಕ್ಸ್ ಕರೆಯಿಂದ ವ್ಯಾಪ್ತಿ ಸಿಗುತ್ತದೆ, ಗೆಟ್‌ಮ್ಯಾಪ್ಡ್‌ಫೈಲ್‌ನೇಮ್‌ನಿಂದ ಹೆಸರು; ಆ ಹೆಸರು ಡ್ರೈವ್ ಅಕ್ಷರದಿಂದ ಅಲ್ಲ, ಡಿವೈಸ್ ಹೆಸರಿನಿಂದ ಶುರುವಾಗುತ್ತದೆ. ಲಿನಕ್ಸ್‌ನ ನಡವಳಿಕೆಯನ್ನು ಇವುಗಳಿಗೂ ಆರೋಪಿಸದೆ ಅಲ್ಲಲ್ಲೇ ಮತ್ತೆ ಪ್ರಯೋಗ ಮಾಡಬೇಕು.

ಬರೆಯುವಾಗ

ಒಂದೊಂದು ಅಂಶಕ್ಕೂ ನಾನು ಬರೆದುಕೊಳ್ಳುವುದು: ಏನು ಕಾಣುತ್ತದೆ, ಅದರ ಅರ್ಥ ಏನು, ಏನಲ್ಲ, ಯಾರಿಗೆ ಕಾಣುತ್ತದೆ, ಯಾವಾಗಿನಿಂದ, ಯಾವ ಪ್ರಯೋಗದಿಂದ ತಿಳಿಯಿತು. 'ಏನಲ್ಲ' ಎಂಬುದಕ್ಕೆ ಹೆಚ್ಚು ಸಮಯ ಕೊಡಿ. ಪ್ರಯೋಗದ ಪ್ರೋಗ್ರಾಂ ಅನ್ನೂ ದಾಖಲೆಯ ಜೊತೆಗೇ ಇಡಿ. ಮುಂದಿನ ಕರ್ನಲ್ ಬಂದಾಗ ಬೇರೊಬ್ಬರು ಅದನ್ನು ಓಡಿಸಿ ನಿಮ್ಮ ಸಾಲು ಇನ್ನೂ ನಿಜವೇ ಎಂದು ಐದು ನಿಮಿಷದಲ್ಲಿ ನೋಡಬಹುದು.

ನಮ್ಮ ಕೈಪಿಡಿಯ ಆ ಸಾಲು ಈಗ ಹೀಗಿದೆ:

"ಅಳಿಸಿದ ಫೈಲನ್ನು ಯಾವ ಪ್ರೋಸೆಸ್ ಹಿಡಿದಿದೆ ಎಂದು ತಿಳಿಯಲು ಎರಡು ಕಡೆ ನೋಡಿ. ತೆರೆದಿಟ್ಟ ಫೈಲುಗಳು ಎಫ್‌ಡಿ ಡೈರೆಕ್ಟರಿಯಲ್ಲಿ ಕಾಣುತ್ತವೆ. ಮ್ಯಾಪ್ ಮಾಡಿ ಡಿಸ್ಕ್ರಿಪ್ಟರ್ ಮುಚ್ಚಿದವು ಅಲ್ಲಿ ಕಾಣುವುದಿಲ್ಲ. ಅವಕ್ಕೆ ಮ್ಯಾಪ್ಸ್ ಫೈಲನ್ನು ನೋಡಿ, ಹೆಸರಿನ ಕೊನೆಗೆ ಡಿಲೀಟೆಡ್ ಎಂದಿರುತ್ತದೆ. /ಡೆವ್/ಜೀರೋ, ಸಿಸ್‌ವಿ, ಮೆಮ್‌ಎಫ್‌ಡಿ ಹೆಸರುಗಳನ್ನು ಬಿಡಿ, ಅವು ಡಿಸ್ಕಿನಲ್ಲಿಲ್ಲ. ಬೇರೆ ಬಳಕೆದಾರರ ಪ್ರೋಸೆಸ್‌ಗಳಿಗೆ ರೂಟ್ ಅಧಿಕಾರ ಬೇಕು. ಫೈಲನ್ನು ಉಳಿಸಿಕೊಳ್ಳಬೇಕಿದ್ದರೆ ಪ್ರೋಸೆಸ್ ನಿಲ್ಲಿಸುವ ಮುನ್ನವೇ ಮ್ಯಾಪ್_ಫೈಲ್ಸ್‌ನ ಲಿಂಕಿನಿಂದ ನಕಲು ಮಾಡಿಕೊಳ್ಳಿ."